‘ಮಳೆ ಬಿಡ್ಲಿ, ಆಮೇಲೆ ಶುರು ಮಾಡ್ತೀನಿ’

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಒಂದು ಜೊತೆ ವಾಕಿಂಗ್ ಶೂ ತಂದೆ. ಅಂಗಡಿಯಲ್ಲಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿದ್ದೇ ಕೊನೆ. ಜೂನ್‌ನಲ್ಲಿ ಮಳೆ ಹಿಡಿಯಿತು. "ಮಳೆ ಬಿಡ್ಲಿ, ಆಮೇಲೆ ಶುರು ಮಾಡ್ತೀನಿ" ಅಂತ ಡಬ್ಬವನ್ನು ಕಪಾಟಿನ ಅಡಿಗೆ ತಳ್ಳಿದೆ. ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತದ ಹಬ್ಬಕ್ಕೆ ಮನೆ ಗುಡಿಸುವಾಗ ತೆಗೆದು ನೋಡಿದರೆ ಶೂ ಮೇಲೆಲ್ಲ ಬಿಳಿ ಬೂಷ್ಟು. ಮಡಿಕೇರಿಯಲ್ಲಿ ಇದೇನು ಹೊಸದಲ್ಲ. ಬೆಲ್ಟು, ಪರ್ಸು, ಮದುವೆ ಆಲ್ಬಂ, ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಆದರೆ ಇದು ಒಂದು ದಿನವೂ ರಸ್ತೆ ಕಾಣದ ಶೂ. ಒರೆಸುತ್ತಾ ಕೂತಾಗ ನನ್ನ ಮೇಲೆ ನನಗೇ ನಗು ಬಂತು.

ತಿಳಿವಳಿಕೆಗೆ ಕೊರತೆ ಇರಲಿಲ್ಲ. ಆ ಏಪ್ರಿಲ್‌ನಲ್ಲೇ ರಕ್ತ ಪರೀಕ್ಷೆ ಆಗಿತ್ತು. ಶುಗರ್ ಇನ್ನೂ ಬಂದಿಲ್ಲ, ಆದರೆ ಬಾಗಿಲಲ್ಲಿ ನಿಂತಿದೆ ಅಂದಿದ್ದರು ಡಾಕ್ಟರು. ಟೇಪು ಹಿಡಿದು ಹೊಟ್ಟೆಯ ಸುತ್ತಳತೆ ನೋಡಿದರು: 94 ಸೆಂಟಿಮೀಟರ್. ನಮ್ಮ ದೇಶದಲ್ಲಿ ಹೆಂಗಸರಿಗೆ 80, ಗಂಡಸರಿಗೆ 90 ದಾಟಿದರೆ ಎಚ್ಚರ ಅನ್ನುತ್ತಾರೆ. ನಮ್ಮವರಲ್ಲಿ ಕೊಬ್ಬು ಹೊಟ್ಟೆಯ ಸುತ್ತಲೇ ಜಾಸ್ತಿ ಸೇರುತ್ತದೆ. ಹಾಗಾಗಿ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕವೂ ಬಿಗಿ. ಪಶ್ಚಿಮದ ದೇಶಗಳಲ್ಲಿ 25 ಆದರೆ ತೂಕ ಜಾಸ್ತಿ, ಇಲ್ಲಿ 23ಕ್ಕೇ ಜಾಸ್ತಿ. ಇದೆಲ್ಲ ನನಗೆ ಗೊತ್ತಿತ್ತು. ಭಯವೂ ಇತ್ತು. ಮನಸ್ಸು ಮಾತ್ರ ಬರುತ್ತಿರಲಿಲ್ಲ.

ಈ "ಮನಸ್ಸು ಬರ್ತಿಲ್ಲ" ಅನ್ನುವ ಮಾತನ್ನೇ ಸ್ವಲ್ಪ ಬಿಚ್ಚಿ ನೋಡೋಣ. ಮೊದಲು ಮನಸ್ಸು ಬರಬೇಕು, ಆಮೇಲೆ ಕೆಲಸ ಶುರುವಾಗುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಇದನ್ನು ಪರೀಕ್ಷೆ ಮಾಡಿ ನೋಡಿದವರಿಗೆ ಸಿಕ್ಕಿದ್ದು ಬಹುಪಾಲು ಉಲ್ಟಾ.

2002ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. 248 ಕಾಲೇಜು ವಿದ್ಯಾರ್ಥಿಗಳು. ಅವರ ಮುಂದಿದ್ದ ಕೆಲಸ ದೊಡ್ಡದೇನಲ್ಲ. ಬರುವ ವಾರದಲ್ಲಿ ಒಂದು ಸಲವಾದರೂ 20 ನಿಮಿಷ ಬೆವರು ಬರುವ ವ್ಯಾಯಾಮ. ಅವರನ್ನು ಮೂರು ಗುಂಪು ಮಾಡಿದರು. ಮೊದಲನೆಯವರಿಗೆ ವಿಶೇಷವಾಗಿ ಏನೂ ಹೇಳಲಿಲ್ಲ. ಅವರಲ್ಲಿ ನೂರಕ್ಕೆ 38 ಜನ ವ್ಯಾಯಾಮ ಮಾಡಿದರು. ಎರಡನೆಯವರಿಗೆ ಹೃದಯದ ಕಾಯಿಲೆ ಎಷ್ಟು ಕೆಟ್ಟದ್ದು, ವ್ಯಾಯಾಮ ಎಷ್ಟು ಒಳ್ಳೆಯದು ಅನ್ನುವ ಕರಪತ್ರ ಓದಿಸಿದರು. ಓದಿದ ಮೇಲೆ "ಖಂಡಿತ ಮಾಡ್ತೀವಿ" ಅನ್ನುವ ಹುಮ್ಮಸ್ಸು ಅವರಲ್ಲಿ ನಿಜವಾಗಿಯೂ ಏರಿತ್ತು. ಮಾಡಿದವರು? ನೂರಕ್ಕೆ 35. ಮೂರನೆಯವರಿಗೆ ಅದೇ ಕರಪತ್ರ, ಜೊತೆಗೆ ಇನ್ನೊಂದೇ ಒಂದು ಕೆಲಸ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ ಮಾಡುತ್ತೇನೆ ಅಂತ ಒಂದು ವಾಕ್ಯ ಬರೆದುಕೊಡಬೇಕು. ಆ ಗುಂಪಿನಲ್ಲಿ ನೂರಕ್ಕೆ 91 ಜನ ಮಾಡಿದರು.

35 ಎಲ್ಲಿ, 91 ಎಲ್ಲಿ! ಎಲ್ಲ ಪ್ರಯೋಗದಲ್ಲೂ ಇಷ್ಟು ದೊಡ್ಡ ಅಂತರ ಸಿಕ್ಕಿಲ್ಲ, ಅದನ್ನೂ ಹೇಳಬೇಕು. ವಿದ್ಯಾರ್ಥಿಗಳು, ಒಂದೇ ವಾರ, ಒಂದೇ ಸಲದ ಕೆಲಸ. ನಮ್ಮ ನಿಮ್ಮ ಬದುಕು ಅಷ್ಟು ಸುಲಭದ್ದಲ್ಲ. ಆದರೂ ದಿಕ್ಕು ಗೊತ್ತಾಗುತ್ತದೆ ಅಲ್ವಾ? ಎರಡನೇ ಗುಂಪಿನವರಲ್ಲಿ ಹುಮ್ಮಸ್ಸು ಇತ್ತು. ಅದು ಕಾಲಿಗೆ ಇಳಿಯಲಿಲ್ಲ, ಅಷ್ಟೇ.

ಯಾಕೆ ಇಳಿಯುವುದಿಲ್ಲ? "ಇನ್ಮೇಲೆ ಚೆನ್ನಾಗಿ ನಡೀಬೇಕು" ಅಂತ ಅಂದುಕೊಂಡರೆ, ಯಾವಾಗ ಅನ್ನುವುದನ್ನು ಪ್ರತಿದಿನ ಹೊಸದಾಗಿ ತೀರ್ಮಾನ ಮಾಡಬೇಕು. ಆ ತೀರ್ಮಾನದ ಹೊತ್ತಿಗೆ ನಾವು ಹೇಗಿರುತ್ತೇವೆ? ಆಫೀಸಿನಿಂದ ಬಂದು ಸುಸ್ತಾಗಿರುತ್ತೇವೆ, ಹೊರಗೆ ಮಂಜು, ಒಲೆಯ ಮೇಲೆ ಬಿಸಿ ಬಿಸಿ ಕಾಫಿ. ಹತ್ತು ವರ್ಷದ ನಂತರ ಬರಬಹುದಾದ ಕಾಯಿಲೆ ಆ ಲೋಟದ ಮುಂದೆ ನಿಲ್ಲುವುದೇ ಇಲ್ಲ. ಕೈಗೆ ಸಿಗುವ ಸುಖಕ್ಕೆ ಮನಸ್ಸು ಯಾವಾಗಲೂ ಜಾಸ್ತಿ ಬೆಲೆ ಕಟ್ಟುತ್ತದೆ. ಅದು ಸೋಮಾರಿತನ ಅಲ್ಲ. ಎಲ್ಲರ ಮನಸ್ಸಿನ ತಕ್ಕಡಿಯೂ ಹಾಗೇ ವಾಲಿದೆ.

ಪೀಟರ್ ಗೋಲ್‌ವಿಟ್ಜರ್ ಅನ್ನುವ ಜರ್ಮನ್ ಮನೋವಿಜ್ಞಾನಿ ಇದಕ್ಕೊಂದು ಉಪಾಯ ಹೇಳಿದರು. "ಹೀಗಾದರೆ, ಹೀಗೆ ಮಾಡುತ್ತೇನೆ" ಅಂತ ಮೊದಲೇ ಗಂಟು ಹಾಕಿ ಇಡುವುದು. ಆಗ ತೀರ್ಮಾನ ಮಾಡುವುದು ಸುಸ್ತಾದ ಮನಸ್ಸಲ್ಲ. ಕಣ್ಣಿಗೆ ಬಿದ್ದ ಗುರುತೇ ನಮ್ಮನ್ನು ಎಬ್ಬಿಸುತ್ತದೆ.

ಕಾಫಿ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಗಿಡ ಹೂ ಬಿಡಲು ಹೂ ಮಳೆ ಬರಬೇಕು. ಬರಲಿಲ್ಲ ಅಂದರೆ ರೋಬಸ್ಟಾ ಕಾಫಿ ಬೆಳೆಯುವವರು ಆಕಾಶ ನೋಡಿಕೊಂಡು ಕೂರುತ್ತಾರಾ? ಕೆರೆಗೆ ಪಂಪ್ ಇಳಿಸಿ, ಪೈಪ್ ಎಳೆದು, ಸ್ಪ್ರಿಂಕ್ಲರ್ ಹಾಕುತ್ತಾರೆ. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದರೆ ಎರಡು ಗಂಟೆಗೇ ಎದ್ದು ಹೋಗುತ್ತಾರೆ. ನಮ್ಮ ಅಣ್ಣ ಹಾಗೆ ಎಷ್ಟೋ ರಾತ್ರಿ ಎದ್ದಿದ್ದಾನೆ. ಎದ್ದು ಹೋಗೋಕೆ ಮನಸ್ಸಿತ್ತಾ ಅಂತ ಕೇಳಿದರೆ ಬೈಯುತ್ತಾನೆ. ಗಿಡಕ್ಕೆ ಮಾಡುವ ಈ ಏರ್ಪಾಡನ್ನು ನಮ್ಮ ದೇಹಕ್ಕೆ ಮಾತ್ರ ಮಾಡುವುದಿಲ್ಲ. ಅಲ್ಲಿ ಮಳೆ ಬರಲಿ ಅಂತ ಕಾಯುವುದಿಲ್ಲ, ಇಲ್ಲಿ ಮಳೆ ಬಿಡಲಿ ಅಂತ ಕಾಯುತ್ತೇವೆ.

ಊರಿಗೆ ಹೊಂದುವ ಗಂಟು

ಮೊಬೈಲಿನಲ್ಲಿ ಸಿಗುವ ಸಲಹೆಗಳು ಕೊಡಗಿಗೆ ಹೊಂದುವುದು ಕಷ್ಟ. "ಬೆಳಿಗ್ಗೆ ಐದಕ್ಕೆ ಎದ್ದು ನಡೆಯಿರಿ" ಅನ್ನುತ್ತಾರೆ. ನನ್ನ ತವರು ಅಮ್ಮತ್ತಿ ಕಡೆ. ಅಲ್ಲಿ, ಸಿದ್ದಾಪುರ, ಮಾಲ್ದಾರೆ ಕಡೆಯೆಲ್ಲ, ಮುಂಜಾನೆ ಮತ್ತು ಮುಸ್ಸಂಜೆ ಆನೆಗಳು ತೋಟದ ರಸ್ತೆ ದಾಟುವ ಹೊತ್ತು. ಐದು ಗಂಟೆಗೆ ನಡೆದವರು ತೂಕ ಇಳಿಸುವ ಮೊದಲು ಓಡುವುದನ್ನು ಕಲಿಯಬೇಕಾದೀತು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ತೋಟದ ರಸ್ತೆಯಲ್ಲಿ ನಡೆಯುವುದಂತೂ ಬೇಡವೇ ಬೇಡ. ತಮಾಷೆಗೆ ಹೇಳುತ್ತಿಲ್ಲ. ಕೊಂಬೆ ಮುರಿದ ಸದ್ದು ಅಲ್ಲಿ ಕೇಳಿಸಲೇಬೇಕು.

ಹಾಗಾಗಿ ಅಣ್ಣನ ಗಂಟು ಬೇರೆ. ಬೆಳಿಗ್ಗೆ ಹತ್ತಕ್ಕೆ ಎರಡನೇ ಕಾಫಿಯ ಲೋಟ ಕೆಳಗಿಟ್ಟ ಕೂಡಲೇ ಕಣದಿಂದ ಪಂಪ್‌ಹೌಸ್‌ವರೆಗೆ ನಡೆದು ಬರುವುದು, ಜೀಪು ಮುಟ್ಟದೆ. ಇದರಲ್ಲೂ ಒಂದು ಕಥೆ ಇದೆ. ನಮ್ಮ ಅಪ್ಪ ತೋಟವನ್ನು ದಿನಕ್ಕೆ ಎರಡು ಸುತ್ತು ಕಾಲಲ್ಲೇ ಹಾಕುತ್ತಿದ್ದರು. ಅವರಿಗೆ ವಾಕಿಂಗ್ ಅನ್ನುವ ಪದವೇ ಬೇಕಾಗಿರಲಿಲ್ಲ. ಅಣ್ಣ ಅದೇ ತೋಟವನ್ನು ಜೀಪಿನಲ್ಲಿ ನೋಡುತ್ತಾನೆ. ಊಟದ ಅಳತೆ ಮಾತ್ರ ಅಪ್ಪನದೇ.

ನನ್ನ ಗಂಟು ಹೀಗಿದೆ: ಆಫೀಸಿನಿಂದ ಬಂದು ಗೇಟು ಮುಟ್ಟಿದರೆ, ಒಳಗೆ ಹೋಗುವ ಮೊದಲು ಮೇಲಿನ ತಿರುವಿನವರೆಗೆ ಹೋಗಿ ಬರುತ್ತೇನೆ. ಒಮ್ಮೆ ಒಳಗೆ ಹೋಗಿ ಸೋಫಾದಲ್ಲಿ ಕೂತರೆ ಕಥೆ ಮುಗಿಯಿತು ಅಂತ ನನಗೆ ಗೊತ್ತು. ಇದಕ್ಕೆ ಮಳೆಯ ಗಂಟು ಬೇರೆ ಬೇಕಾಯಿತು. ಕೊಡೆ ಹಿಡಿದು ನಿಲ್ಲಬಹುದಾದ ಮಳೆಯಾದರೆ ಕೊಡೆಯ ಜೊತೆ ನಡಿಗೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಗಾಳಿ ಮಳೆ, ಕೊಡೆಯೇ ತಿರುಗಿ ನಿಲ್ಲುವಂಥದ್ದಾದರೆ, ಮನೆಯ ಮೆಟ್ಟಿಲು ಹತ್ತು ನಿಮಿಷ ಹತ್ತಿ ಇಳಿಯುವುದು. ಮೂರನೇ ಸ್ಥಿತಿ ಇಲ್ಲ. ಮೊದಲನೇ ವರ್ಷ ನಾನು ಬಿಟ್ಟದ್ದು ಈ ಮೂರನೇ ಸ್ಥಿತಿಯ ಬಾಗಿಲನ್ನು ತೆರೆದಿಟ್ಟಿದ್ದಕ್ಕೆ.

ಜಿಗಣೆಗೆ ಉಪ್ಪು ಸಾಕು. ಅದನ್ನು ನೆಪವಾಗಿ ಹೇಳಬೇಡಿ.

ಇನ್ನು ಶುರುವಿನ ದಿನದ ಬಗ್ಗೆ. 2014ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಗಮನಿಸಿದ್ದು ಏನೆಂದರೆ, ವಾರದ ಮೊದಲು, ತಿಂಗಳ ಮೊದಲು, ಹುಟ್ಟುಹಬ್ಬ ಆದ ಮೇಲೆ ಜನ ಜಾಸ್ತಿ ಜಿಮ್‌ಗೆ ಹೋಗುತ್ತಾರೆ. ಹೊಸ ಪುಟ ಅನ್ನುವ ಭಾವನೆ ಒಂದು ನೂಕು ಕೊಡುತ್ತದೆ. ನಮಗೆ ಕೈಲ್ ಮುಹೂರ್ತ ಇದೆ, ಸುಗ್ಗಿ ಹಬ್ಬ ಪುತ್ತರಿ ಇದೆ. ಧಾರಾಳವಾಗಿ ಬಳಸಿಕೊಳ್ಳಿ. ಆದರೆ ಆ ನೂಕು ಗಾಡಿ ಸ್ಟಾರ್ಟ್ ಆಗುವಷ್ಟೇ. ಮುಂದಿನ ಏರಿಗೆ ಬೇರೆ ಪೆಟ್ರೋಲ್ ಬೇಕು.

ಮೊದಲ ಹತ್ತು ನಿಮಿಷ

ಮನಸ್ಸು ಕೆಲಸದ ನಂತರ ಬರುತ್ತದೆ ಅಂದೆನಲ್ಲ, ಅದಕ್ಕೆ ಒಂದು ಷರತ್ತು ಇದೆ. ಕೆಲಸ ಹಿಂಸೆ ಆಗಿರಬಾರದು.

ನಾನು ಮಾಡಿದ ಎಡವಟ್ಟು ಹೇಳುತ್ತೇನೆ. ಬೂಷ್ಟು ಒರೆಸಿದ ಮರುದಿನವೇ ರಾಜಾಸೀಟ್ ಕಡೆಯ ಏರಿನಲ್ಲಿ ಓಡೋಕೆ ಹೋದೆ. ಮಡಿಕೇರಿಯಲ್ಲಿ ಸಮತಟ್ಟಾದ ನೂರು ಮೀಟರ್ ರಸ್ತೆ ಹುಡುಕುವುದೇ ಕಷ್ಟ. ಎರಡೇ ನಿಮಿಷ, ಎದೆ ಢವಢವ, ಬಾಯಲ್ಲಿ ಕಬ್ಬಿಣದ ರುಚಿ. ಮರುದಿನ ಮಂಡಿ ನೋವು. ಆ ಮೇಲೆ ಒಂದು ವಾರ ಶೂ ಕಂಡರೇ ಸಂಕಟ. ಇದೂ ಅಧ್ಯಯನ ಮಾಡಿರುವ ವಿಷಯವೇ. ವ್ಯಾಯಾಮ ಮಾಡುವ ಹೊತ್ತಿನಲ್ಲಿ ಹಿತ ಅನ್ನಿಸಿತೋ ಹಿಂಸೆ ಅನ್ನಿಸಿತೋ, ಅದರ ಮೇಲೆ ಮುಂದೆ ಬಿಡುತ್ತಾರೋ ಮುಂದುವರಿಸುತ್ತಾರೋ ಅನ್ನುವುದು ಬಹಳ ಮಟ್ಟಿಗೆ ನಿಂತಿದೆ. ಏದುಸಿರಿನ ಗೆರೆ ದಾಟಿದ ಮೇಲೆ ಹೆಚ್ಚಿನವರಿಗೆ ಹಿಂಸೆಯೇ ಆಗುತ್ತದೆ. ಮೆದುಳು ಅದನ್ನು ನೆನಪಿಟ್ಟುಕೊಳ್ಳುತ್ತದೆ. ಮರುದಿನ ನಮಗೆ "ಮನಸ್ಸು ಬರ್ತಿಲ್ಲ" ಅಂತ ಕೇಳಿಸುವುದು ಆ ನೆನಪಿನ ದನಿ.

ಗೆರೆ ಎಲ್ಲಿದೆ ಅಂತ ತಿಳಿಯೋಕೆ ಯಂತ್ರ ಬೇಡ. ನಡೆಯುತ್ತಾ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು. ಏರಿನಲ್ಲಿ ನಿಧಾನ, ಇಳಿಜಾರಿನಲ್ಲಿ ಸ್ವಲ್ಪ ಬಿರುಸು. ಮೊದಲ ಕೆಲವು ನಿಮಿಷ ಎಲ್ಲರಿಗೂ ಬೇಜಾರೇ. ಸ್ನಾಯುಗಳಿಗೆ ರಕ್ತ ಏರಿ, ಉಸಿರು ಒಂದು ಲಯಕ್ಕೆ ಬರಲು ಅಷ್ಟು ಹೊತ್ತು ಬೇಕು. ನಾನು ನನಗೆ ಕೊಟ್ಟುಕೊಂಡ ಮಾತು ಹತ್ತು ನಿಮಿಷದ್ದು ಮಾತ್ರ. ಹತ್ತು ನಿಮಿಷದ ನಂತರ ವಾಪಸ್ ಬರಲು ನನಗೆ ಪೂರ್ತಿ ಹಕ್ಕಿದೆ. ಆ ಹಕ್ಕನ್ನು ತಿಂಗಳಿಗೆ ಮೂರು ನಾಲ್ಕು ಸಲ ಬಳಸುತ್ತೇನೆ. ಉಳಿದ ದಿನ ನಡಿಗೆ ತಾನಾಗಿಯೇ ಅರ್ಧ ಗಂಟೆಗೆ ಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ದಿನಕ್ಕೆ 10,000 ಹೆಜ್ಜೆ ಅನ್ನುವ ಲೆಕ್ಕ ಬೇರೆ. ಅದು ಹುಟ್ಟಿದ್ದು ಯಾವ ಆಸ್ಪತ್ರೆಯಲ್ಲೂ ಅಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಿದ ಹೆಜ್ಜೆ ಎಣಿಸುವ ಒಂದು ಯಂತ್ರದ ಹೆಸರೇ ಹತ್ತು ಸಾವಿರ ಹೆಜ್ಜೆ ಅಂತ ಇತ್ತು. ಅದಕ್ಕಿಂತ ಕಡಿಮೆ ನಡೆದರೂ ಲಾಭ ಇದ್ದೇ ಇದೆ. 6,000 ಆಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ.

ಅಭ್ಯಾಸ ಆಗಲು ಎಷ್ಟು ದಿನ? 21 ದಿನ ಅಂತ ಎಲ್ಲರೂ ಹೇಳುತ್ತಾರೆ. 2010ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ 96 ಜನ ತಮಗೆ ಇಷ್ಟವಾದ ಒಂದೊಂದು ಹೊಸ ಅಭ್ಯಾಸ ಹಿಡಿದರು. ಮಾಮೂಲಾಗಿ ಬೇಕಾದದ್ದು ಸುಮಾರು 66 ದಿನ. ಆದರೆ ಒಬ್ಬೊಬ್ಬರಿಗೆ ಒಂದೊಂದು ಥರ, 18 ದಿನದಿಂದ ಹಿಡಿದು 254 ದಿನದ ತನಕ. ನೀರು ಕುಡಿಯುವ ಅಭ್ಯಾಸ ಬೇಗ ಆಯಿತು, ವ್ಯಾಯಾಮ ತಡವಾಯಿತು. ನನಗೆ ಇಷ್ಟವಾದದ್ದು ಅದರ ಇನ್ನೊಂದು ಮಾತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಏನೂ ಆಗುವುದಿಲ್ಲ. ಮರ ಬಿದ್ದು, ಲೈನ್ ಹೋಗಿ, ಮೂರು ದಿನ ಕತ್ತಲಲ್ಲಿ ಕೂತ ಊರಿನವರಿಗೆ ಇದು ಸಣ್ಣ ಸಮಾಧಾನ ಅಲ್ಲ.

ಯಾರಿಗೋಸ್ಕರ?

ಮದುವೆ ಮನೆಯಲ್ಲಿ ದೊಡ್ಡಮ್ಮ ದೂರದಿಂದಲೇ ಕೂಗಿದರು: "ಏನೇ, ಇಷ್ಟು ಊದಿಕೊಂಡಿದ್ದೀಯ?" ಸುತ್ತ ಇದ್ದವರೆಲ್ಲ ನಕ್ಕರು. ಪ್ರೀತಿಯಿಂದಲೇ ಹೇಳಿದ್ದು ಅಂತ ನನಗೆ ಗೊತ್ತು. ಅವತ್ತು ಮನೆಗೆ ಬಂದು ನಾನು ಮಾಡಿದ್ದು ವ್ಯಾಯಾಮ ಅಲ್ಲ. ಫ್ರಿಜ್ ತೆಗೆದೆ.

ಅವಮಾನ ಮಾಡಿದರೆ ಛಲ ಬರುತ್ತದೆ ಅಂತ ನಮ್ಮಲ್ಲಿ ಬಲವಾದ ನಂಬಿಕೆ ಇದೆ. 2014ರಲ್ಲಿ ಇಂಗ್ಲೆಂಡಿನ ಸುಮಾರು 3,000 ಜನರ ಮಾಹಿತಿ ನೋಡಿದರು. ನಾಲ್ಕು ವರ್ಷದ ಅವಧಿಯಲ್ಲಿ, ತೂಕದ ಕಾರಣಕ್ಕೆ ಜನ ತಮ್ಮನ್ನು ಕೀಳಾಗಿ ಕಂಡರು ಅಂದವರ ತೂಕ ಸರಾಸರಿ ಒಂದು ಕಿಲೋ ಹತ್ತಿರ ಏರಿತ್ತು. ಹಾಗೆ ಅನ್ನಿಸದವರ ತೂಕ ಸ್ವಲ್ಪ ಇಳಿದಿತ್ತು. ದೊಡ್ಡಮ್ಮಂದಿರು ಓದಲಿ ಅಂತಲೇ ಇದನ್ನು ಬರೆದೆ.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅನ್ನುವ ಇಬ್ಬರು ಅಮೆರಿಕದ ಮನೋವಿಜ್ಞಾನಿಗಳು ದಶಕಗಳ ಕಾಲ ಈ "ಯಾರಿಗೋಸ್ಕರ" ಅನ್ನುವ ಪ್ರಶ್ನೆಯ ಹಿಂದೆ ಬಿದ್ದರು. ಅವರ ಪ್ರಕಾರ ಹುಮ್ಮಸ್ಸು ಉಳಿಯಲು ಮೂರು ಬೇಕು. ಇದು ನಾನೇ ಆರಿಸಿಕೊಂಡದ್ದು ಅನ್ನಿಸಬೇಕು. ನನ್ನ ಕೈಲಿ ಆಗುತ್ತಿದೆ ಅನ್ನಿಸಬೇಕು. ಜೊತೆಗೆ ಜನ ಇರಬೇಕು. ಗಂಡ ಹೇಳಿದ ಅಂತ, ಮದುವೆ ಫೋಟೋದಲ್ಲಿ ತೆಳ್ಳಗೆ ಕಾಣಬೇಕು ಅಂತ ಶುರು ಮಾಡಿದ್ದು ಮದುವೆ ಮುಗಿದ ಮರುದಿನ ಮುಗಿಯುತ್ತದೆ.

ಈ ಮೂರೂ ಒಟ್ಟಿಗೆ ಇರುವ ಒಂದು ಜಾಗ ನಮ್ಮ ಜಿಲ್ಲೆಯಲ್ಲೇ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ. ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ ನೋಡಿ. ಒಂದೇ ಮನೆತನದ ತಂಡದಲ್ಲಿ ಕಾಲೇಜು ಹುಡುಗ, ಅವನ ಹೊಟ್ಟೆ ಬಂದ ಚಿಕ್ಕಪ್ಪ, ತಂಗಿ, ಎಲ್ಲರೂ ಇರುತ್ತಾರೆ. ಆ ಚಿಕ್ಕಪ್ಪ ಫೆಬ್ರವರಿಯಿಂದಲೇ ಓಡೋಕೆ ಶುರು ಮಾಡಿರುತ್ತಾರೆ. ಕೊಲೆಸ್ಟರಾಲ್ ಇಳಿಸೋಣ ಅಂತಲ್ಲ, ಮನೆತನದ ಮಾನ ಹೋಗಬಾರದು ಅಂತ. ಏಪ್ರಿಲ್, ಮೇ ಹೊತ್ತಿಗೆ ಹಬ್ಬ ಮುಗಿಯುತ್ತದೆ, ಓಟವೂ ನಿಲ್ಲುತ್ತದೆ. ಮಳೆಗಾಲದ ತಂಡ ಯಾವುದು ಅನ್ನುವುದು ಚಿಕ್ಕಪ್ಪಂದಿರು ಯೋಚಿಸಬೇಕಾದ ವಿಷಯ.

ನನ್ನ ಮಳೆಗಾಲದ ತಂಡದಲ್ಲಿ ಇಬ್ಬರೇ. ಪಕ್ಕದ ಮನೆಯ ಅಕ್ಕ ಮತ್ತು ನಾನು. ಅವರಿಗೆ ಅರವತ್ತು ದಾಟಿದೆ. ಸಂಜೆ ಐದೂವರೆಗೆ ಕೊಡೆ ಹಿಡಿದು ಅವರು ಗೇಟಿನಲ್ಲಿ ನಿಂತಿರುತ್ತಾರೆ. "ಇವತ್ತು ಬೇಡ ಅಕ್ಕ" ಅನ್ನೋಕೆ ಬಾಯಿ ಬರುವುದಿಲ್ಲ. ಅವರು ನಿಂತಿರುವುದೇ ನನ್ನ ಹುಮ್ಮಸ್ಸು.

ನಮ್ಮ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಊರೆಲ್ಲ ಕುಣಿಯಿತು, ನಾನೂ ಕುಣಿದೆ. ಮಂಡಿಯ ತೊಂದರೆ ಇಟ್ಟುಕೊಂಡು ಯೋಗದ ನೆರವಿನಿಂದ ಆಡಿದರು ಅಂತ ಓದಿ ಪುಳಕವೂ ಆಯಿತು. ಮರುದಿನ ಬೆಳಿಗ್ಗೆ ನಾನು ನಡೆದೆನಾ? ಇಲ್ಲ. ಸ್ಫೂರ್ತಿಯ ವಿಡಿಯೋ ನೋಡುವುದಕ್ಕೂ ನಡೆಯುವುದಕ್ಕೂ ಅಂಥ ಸಂಬಂಧ ಇಲ್ಲ ಅನ್ನುವುದು ನನ್ನ ಅನುಭವ. ನೋಡಿದಾಗಲೇ ಅರ್ಧ ಕೆಲಸ ಮುಗಿದ ಹಾಗೆ ಅನ್ನಿಸಿಬಿಡುತ್ತದೆ.

ತಕ್ಕಡಿಯ ಮಾತು ನಂಬಬೇಕಾ?

ಶುರು ಮಾಡಿದವರಲ್ಲಿ ತುಂಬಾ ಜನ ಬಿಡುವುದು ತಕ್ಕಡಿ ನೋಡಿ. ಇಲ್ಲಿ ಸ್ವಲ್ಪ ನಿಧಾನವಾಗಿ ಲೆಕ್ಕ ಹಾಕೋಣ.

70 ಕಿಲೋ ತೂಗುವವರು ಅರ್ಧ ಗಂಟೆ ಸಾಧಾರಣ ವೇಗದಲ್ಲಿ ನಡೆದರೆ ಸುಮಾರು 120 ಕ್ಯಾಲೊರಿ ಖರ್ಚು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ಒಂದು ಲಾರ್ಜ್ ವಿಸ್ಕಿಯಲ್ಲಿ ಸುಮಾರು 140. ನಮ್ಮ ಕಡೆ ಮದುವೆಗೆ ಹೋದವರು ಒಂದಕ್ಕೆ ನಿಲ್ಲಿಸಿ ಏಳುವುದು ಅಪರೂಪ. ಎರಡು ಲಾರ್ಜ್ ಅಂದರೆ ಒಂದು ಗಂಟೆಗೂ ಜಾಸ್ತಿ ನಡಿಗೆ. ಅದರ ಮೇಲೆ ಹಂದಿ ಮಾಂಸದ ಪಂದಿ ಕರಿ, ಅಕ್ಕಿಯ ಉಂಡೆ ಕಡಂಬುಟ್ಟು. ಬರೀ ನಡೆದು ತೂಕ ಇಳಿಸುತ್ತೇನೆ ಅಂದುಕೊಂಡವರಿಗೆ ತಕ್ಕಡಿ ಮೋಸ ಮಾಡಿದ ಹಾಗೆ ಕಾಣುವುದು ಇದಕ್ಕೇ. ತೂಕ ಇಳಿಯುವುದರಲ್ಲಿ ತಟ್ಟೆಯ ಪಾಲು ದೊಡ್ಡದು. ಇಳಿದ ತೂಕ ಮತ್ತೆ ಏರದಂತೆ ಹಿಡಿಯುವುದರಲ್ಲಿ, ನಿದ್ದೆಯಲ್ಲಿ, ಶುಗರ್‌ನಲ್ಲಿ ನಡಿಗೆಯ ಪಾಲು ದೊಡ್ಡದು. ಪಂದಿ ಕರಿ ಬಿಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೂ ಯಾರು ಕೇಳುತ್ತಾರೆ? ಮೊದಲ ಸಲ ಬಡಿಸಿಕೊಂಡದ್ದನ್ನು ನಿಧಾನವಾಗಿ ತಿನ್ನಿ. ಎರಡನೇ ಸಲಕ್ಕೆ ಮೊದಲು ಹತ್ತು ನಿಮಿಷ ಮಾತಾಡುತ್ತಾ ನಿಲ್ಲಿ.

ತಕ್ಕಡಿಯ ಇನ್ನೊಂದು ಆಟ ಮೊದಲ ವಾರದ್ದು. ಊಟ ಕಡಿಮೆ ಮಾಡಿದ ಕೂಡಲೇ ದೇಹ ತಾನು ಗ್ಲೈಕೋಜನ್ ಅನ್ನುವ ರೂಪದಲ್ಲಿ ಕೂಡಿಟ್ಟ ಸಕ್ಕರೆಯನ್ನು ಖರ್ಚು ಮಾಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಹಾಗಾಗಿ ಮೊದಲ ವಾರ ಎರಡು ಕಿಲೋ ಇಳಿದರೆ ಅದರಲ್ಲಿ ಜಾಸ್ತಿ ನೀರೇ. ಮೂರನೇ ವಾರ ಇಳಿತ ನಿಂತಂತೆ ಕಾಣುತ್ತದೆ. ಆಗಲೇ "ನನ್ನ ದೇಹಕ್ಕೆ ಇದು ಆಗಿಬರಲ್ಲ" ಅಂತ ಬಿಡುತ್ತಾರೆ. ಕೊಬ್ಬು ಮಾತ್ರ ಆಗಲೂ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ.

ಅದಾದ ಮೇಲೆ ದೇಹದ ಪ್ರತಿರೋಧ. 2016ರಲ್ಲಿ ಅಮೆರಿಕದ ಸಂಶೋಧಕರು ಹಾಕಿದ ಅಂದಾಜಿನ ಪ್ರಕಾರ, ಪ್ರತಿ ಒಂದು ಕಿಲೋ ಇಳಿದಾಗ ಹಸಿವು ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಐದು ಕಿಲೋ ಇಳಿಸಿದವರು ಐದು ನೂರು ಕ್ಯಾಲೊರಿಯ ಹಸಿವಿನ ಜೊತೆ ದಿನವೂ ಕುಸ್ತಿ ಮಾಡುತ್ತಿರುತ್ತಾರೆ. ಹೊರಗಿನವರಿಗೆ ಕಾಣುವುದು "ಛಲ ಹೋಯ್ತು" ಅಂತ. ಛಲ ಹಾಗೇ ಇರುತ್ತದೆ, ಎದುರಾಳಿ ದೊಡ್ಡವನಾಗಿರುತ್ತಾನೆ. ಅದಕ್ಕೇ ತಿಂಗಳಿಗೆ ಹತ್ತು ಕಿಲೋ ಅನ್ನುವ ಜಾಹೀರಾತು ಕಂಡರೆ ನನಗೆ ಸಿಟ್ಟು.

ಎಷ್ಟು ಇಳಿದರೆ ಸಾಕು? ತೂಕದ ನೂರಕ್ಕೆ ಐದರಿಂದ ಹತ್ತು ಭಾಗ ಇಳಿದರೂ ಶುಗರ್, ಬಿಪಿ ಸುಧಾರಿಸುತ್ತವೆ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಗಡಿಯಲ್ಲಿ ಇದ್ದವರು ನೂರಕ್ಕೆ ಏಳು ಭಾಗ ತೂಕ ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡರು. ಅವರಿಗೆ ಶುಗರ್ ಬರುವ ಸಾಧ್ಯತೆ ನೂರಕ್ಕೆ 58 ಭಾಗ ಕಡಿಮೆಯಾಯಿತು. 2006ರಲ್ಲಿ ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ನಮ್ಮ ಜನರಲ್ಲೇ ಇಂಥದ್ದನ್ನು ಮಾಡಿ ನೋಡಿತು. ಅಲ್ಲಿ ಸಾಧ್ಯತೆ ನೂರಕ್ಕೆ 28.5 ಭಾಗ ಇಳಿಯಿತು. ಅವರ ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ತಕ್ಕಡಿ ಏನೂ ಹೇಳದೆ ಇದ್ದಾಗಲೂ ಒಳಗೆ ಕೆಲಸ ನಡೆಯುತ್ತಿತ್ತು. ಇದನ್ನು ಓದಿದ ಮೇಲೆ ನಾನು ತೂಕ ನೋಡುವುದನ್ನು ತಿಂಗಳಿಗೆ ಒಮ್ಮೆ ಮಾಡಿದೆ. ಟೇಪು ಮತ್ತು ಮಾರುಕಟ್ಟೆಯಿಂದ ಮನೆಗೆ ಹತ್ತುವ ಏರಿನಲ್ಲಿ ಎಷ್ಟು ಸಲ ನಿಲ್ಲುತ್ತೇನೆ ಅನ್ನುವ ಎಣಿಕೆ, ಈ ಎರಡು ಸಾಕು. ಶುರುವಿನಲ್ಲಿ ಮೂರು ಸಲ ನಿಲ್ಲುತ್ತಿದ್ದೆ.

ಇನ್ನೊಂದು ಗುಂಡಿ ಇದೆ, "ಹೇಗೂ ಹೋಯ್ತಲ್ಲ" ಅನ್ನುವ ಗುಂಡಿ. 1975ರ ಒಂದು ಹೆಸರಾದ ಪ್ರಯೋಗದಲ್ಲಿ ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮ್ ರುಚಿ ನೋಡಲು ಕೊಟ್ಟರು. ಮಾಮೂಲಿ ಜನ ಹೊಟ್ಟೆ ತುಂಬಿದ್ದರಿಂದ ಕಡಿಮೆ ತಿಂದರು. ಊಟದಲ್ಲಿ ಪಥ್ಯ ಮಾಡುತ್ತಿದ್ದವರು ಜಾಸ್ತಿ ತಿಂದರು. ಪಥ್ಯ ಮುರಿಯಿತು, ಇನ್ನು ತಿನ್ನದೆ ಏನು ಅಂತ. ಶನಿವಾರದ ಮದುವೆ ಭಾನುವಾರಕ್ಕೆ, ಭಾನುವಾರ ಇಡೀ ವಾರಕ್ಕೆ ಹರಡುವುದು ಹೀಗೇ. ಕೊಡಗಿನಲ್ಲಿ ಡಿಸೆಂಬರ್‌ನಿಂದ ಮೇ ತನಕ ಮದುವೆಗಳಿಗೆ ಕೊನೆ ಇಲ್ಲ. ಮದುವೆ ಊಟದ ಗಂಟನ್ನೂ ಮೊದಲೇ ಹಾಕಿ ಇಡಿ: ಮದುವೆಗೆ ಹೋದರೆ, ಮರುದಿನ ಸಂಜೆ ಮಾಮೂಲಿ ನಡಿಗೆ, ಮಾಮೂಲಿ ಊಟ. ಉಪವಾಸದ ಶಿಕ್ಷೆ ಬೇಡ.

ಹಾಗೇ ಒಂದು ಹುಳಿ ವಿಷಯ. ಪಂದಿ ಕರಿಗೆ ಹಾಕುವ ಕಾಚಂಪುಳಿ, ಅಂದರೆ ಒಂದು ಹುಳಿ ಹಣ್ಣಿನ ಕಪ್ಪು ರಸ, ಕೊಬ್ಬು ಕರಗಿಸುತ್ತದೆ ಅಂತ ಸಮಾಧಾನ ಮಾಡಿಕೊಳ್ಳುವವರು ಎಲ್ಲ ಮನೆಯಲ್ಲೂ ಒಬ್ಬರು ಇರುತ್ತಾರೆ. ಆ ಹಣ್ಣಿನ ಸಾರವನ್ನೇ ಗಾರ್ಸೀನಿಯಾ ಅನ್ನುವ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಮಾರುತ್ತಾರೆ. 1998ರಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದಾಗ, ಸುಳ್ಳು ಮಾತ್ರೆ ತಿಂದವರಿಗಿಂತ ಇದನ್ನು ತಿಂದವರ ತೂಕ ಜಾಸ್ತಿಯೇನೂ ಇಳಿಯಲಿಲ್ಲ. ಇಂಥ ಮಾತ್ರೆ ತಿಂದು ಲಿವರ್ ಕೆಟ್ಟ ಪ್ರಕರಣಗಳು ದಾಖಲಾಗಿವೆ. ಕಾಚಂಪುಳಿ ಕರಿಯಲ್ಲಿ ಇರಲಿ, ಚಮಚದಲ್ಲಿ ಕುಡಿಯಬೇಡಿ.

ಮನಸ್ಸು ಬರದಿರುವುದೇ ಕಾಯಿಲೆಯ ಗುರುತಾದಾಗ ಇಲ್ಲಿಯ ತನಕ ಹೇಳಿದ್ದು ಯಾವುದೂ ನಾಟುವುದಿಲ್ಲ. ನಡಿಗೆಗೆ ಮಾತ್ರವಲ್ಲ, ಇಷ್ಟವಾದ ಯಾವ ಕೆಲಸಕ್ಕೂ ಮನಸ್ಸಿಲ್ಲ, ವಾರಗಟ್ಟಲೆ ಹಾಗೇ ಇದೆ ಅಂದರೆ ಅದು ಖಿನ್ನತೆ ಇರಬಹುದು. ಸದಾ ಸುಸ್ತು, ಚಳಿ, ಮಲಬದ್ಧತೆ ಇದ್ದರೆ ಥೈರಾಯ್ಡ್ ನೋಡಿಸಬೇಕು. ಜೋರು ಗೊರಕೆ ಹೊಡೆದು ಹಗಲೆಲ್ಲ ತೂಕಡಿಸುವವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು. ನಡೆಯುವಾಗ ಎದೆ ಹಿಡಿದಂತಾದರೆ ಅಲ್ಲೇ ನಿಂತು, ತಡಮಾಡದೆ ಆಸ್ಪತ್ರೆಗೆ ಹೋಗಿ. ಇವಕ್ಕೆ ಡಾಕ್ಟರು ಬೇಕು.

2025ರಲ್ಲಿ ತೂಕ ಇಳಿಸುವ ಮೌಂಜಾರೊ, ವೆಗೋವಿ ಇಂಜೆಕ್ಷನ್‌ಗಳು ನಮ್ಮ ದೇಶಕ್ಕೂ ಬಂದವು. ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳುವಂಥದ್ದಲ್ಲ. ನಿಲ್ಲಿಸಿದರೆ ಹೆಚ್ಚಿನವರಲ್ಲಿ ತೂಕ ವಾಪಸ್ ಬರುತ್ತದೆ. ಆದರೆ ಅವು ಒಂದು ಹಳೇ ವಾದವನ್ನು ಮುಗಿಸಿದವು. ಅದನ್ನು ಚುಚ್ಚಿಸಿಕೊಂಡ ಎಷ್ಟೋ ಜನ ಹೇಳುವುದು, ದಿನವಿಡೀ ತಲೆಯಲ್ಲಿ ಗುಂಯ್‌ಗುಡುತ್ತಿದ್ದ ಊಟದ ಯೋಚನೆ ನಿಂತುಹೋಯಿತು ಅಂತ. ಒಂದು ಸೂಜಿಯಿಂದ ಸುಮ್ಮನಾಗುವುದಾದರೆ ಅದನ್ನು ಇಷ್ಟು ದಿನ ಬಾಯಿಚಪಲ, ಮನಸ್ಸಿಗೆ ಹಿಡಿತ ಇಲ್ಲ ಅಂತ ಬೈದದ್ದು ಎಷ್ಟು ಸರಿ?

ಈಗ ನನ್ನ ಟೇಪು 87 ತೋರಿಸುತ್ತದೆ. 80ಕ್ಕೆ ಇನ್ನೂ ಏಳು ಬಾಕಿ. 78 ಕಿಲೋ ಇದ್ದದ್ದು 73ರ ಸುತ್ತ ಓಡಾಡುತ್ತಿದೆ, ಮದುವೆ ಸೀಸನ್‌ನಲ್ಲಿ 75ಕ್ಕೂ ಹೋಗಿತ್ತು. ಮಾರುಕಟ್ಟೆಯ ಏರಿನಲ್ಲಿ ಈಗ ನಿಲ್ಲುವುದಿಲ್ಲ, ತಿರುವಿನಲ್ಲಿ ಯಾರಾದರೂ ಮಾತಿಗೆ ಸಿಕ್ಕಿದರೆ ಮಾತ್ರ. ಮುಂದಿನ ರಕ್ತ ಪರೀಕ್ಷೆ ಪುತ್ತರಿ ಕಳೆದ ಮೇಲೆ. ಆ ಶೂ ಬೇಸಿಗೆಗೆ ಸರಿ, ಮಳೆಗೆ ಒಣಗುವುದೇ ಇಲ್ಲ. ಅಕ್ಕನನ್ನು ನೋಡಿ ನಾನೂ ಮುನ್ನೂರು ರೂಪಾಯಿಯ ಪ್ಲಾಸ್ಟಿಕ್ ಚಪ್ಪಲಿ ತಂದಿದ್ದೇನೆ.